ಹೆಬ್ಬಾಗಿಲ ಫೋಟೋ ಮಾವ

ಊರಿನ ಹಳೆಯ ಹೆಬ್ಬಾಗಿಲ ಮುಂದೆ, ನೋಡಲು ಬಂದವರನ್ನು ನಿಲ್ಲಿಸಿ ಫೋಟೋ ತೆಗೆಯುವುದೇ ನನ್ನ ಸೋದರಮಾವನ ಕಸುಬು. ಮೊಬೈಲು ಬಂದು ಹೊಟ್ಟೆಯ ಮೇಲೆ ಹೊಡೆದ ಮೇಲೂ ಕ್ಯಾಮೆರಾ ಅವನ ಕೊರಳಿಂದ ಇಳಿಯಲಿಲ್ಲ. ಬಾಯಿಗಂತೂ ಬಿಡುವೇ ಇಲ್ಲ. "ಕಮಾನು ಬೀಳಲ್ಲ ಸ್ವಾಮಿ, ನೀವೇನು ಹೊತ್ಕೊಂಡು ನಿಂತಿಲ್ಲ, ಭುಜ ಇಳಿಸಿ" ಎನ್ನುವನು. ಜನ ನಕ್ಕ ಕ್ಷಣಕ್ಕೆ ಸರಿಯಾಗಿ ಕ್ಲಿಕ್ಕು.

ಮನೆಯಲ್ಲೂ ಅದೇ ಚಾಳಿ. ಅತ್ತೆ ಪೇಟೆಯಿಂದ ಬಂದು ಬಾಗಿಲು ಬಡಿದರೆ, "ಯಾರಮ್ಮಾ ನೀವು? ಯಾರು ಬೇಕಿತ್ತು?" ಎಂದು ಕೇಳಿ ಗೋಳುಹೊಯ್ದುಕೊಳ್ಳುವನು.

ಈಚೆಗೆ ಆ ಮಾತು ದಿನವೂ ಬರತೊಡಗಿತು, ನಗು ಮಾತ್ರ ಬರಲಿಲ್ಲ. ತಮಾಷೆಯೋ ಮರೆವೋ, ಒಂದೂ ತಿಳಿಯದು. ಹಾಲಿನ ಪಾತ್ರೆಯನ್ನು ಬಟ್ಟೆ ಬೀರುವಿನಲ್ಲಿಟ್ಟ. ಆದರೆ ಯಾವ ಹೊತ್ತಿಗೆ ಯಾವ ಕಂಬಕ್ಕೆ ಬಿಸಿಲು ಬೀಳುತ್ತದೆಂದು ತಪ್ಪಿಲ್ಲದೆ ಹೇಳಿದ. ಡಾಕ್ಟರು "ನೋಡೋಣ" ಎಂದರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಆಗಬೇಕಿತ್ತೇ? ನನಗೆ ತಲೆ ಕೆಟ್ಟುಹೋಯಿತು. ಅತ್ತೆಗೆ ಬೇಕಾದದ್ದು ಒಂದೇ: ತಾನು ಯಾರೆಂದು ಅವನಿಗೆ ಗೊತ್ತಿದೆಯೇ, ಇಲ್ಲವೇ?

"ಕ್ಯಾಮೆರಾ ಒಳಗಿಂದ ನೋಡಿದ್ರೆ ಗುರುತು ಹಿಡೀತಾರೆ ಕಣೋ" ಎಂದು ಅವಳು ಒಂದು ಬೆಳಿಗ್ಗೆ ತಲೆ ಬಾಚಿಕೊಂಡು ಹೊರಟಳು. ಜೊತೆಗೆ ನಾನೂ ಹೋದೆ.

ಹೆಬ್ಬಾಗಿಲ ಮುಂದೆ ಅತ್ತೆ ನಿಂತಳು. ಮಾವ ಕ್ಯಾಮೆರಾಕ್ಕೆ ಕಣ್ಣಿಟ್ಟ. "ಒಂದ್ಹೆಜ್ಜೆ ಹಿಂದೆ ಹೋಗಿ. ಗದ್ದ ಸ್ವಲ್ಪ ಮೇಲೆ. ಹಾಂ, ಹಾಗೆ. ಯಜಮಾನ್ರು ಬಂದಿಲ್ವಾ?"

ಅತ್ತೆಯ ಮುಖ ಅರಳಿತು. ನನಗೂ ಹೋದ ಜೀವ ಬಂದಂತಾಯಿತು. ಇದು ಅವನ ಹಳೆಯ ಕೀಟಲೆಯೇ ಸರಿ ಎಂದುಕೊಂಡೆ.

"ಬಂದಿದಾರೆ, ಇಲ್ಲೇ ಇದಾರೆ" ಎಂದು ಅತ್ತೆ ಕೈ ಚಾಚಿದಳು. "ಕ್ಯಾಮೆರಾ ನಮ್ಮ ಹುಡುಗನ ಕೈಗೆ ಕೊಟ್ಟು ನೀವೂ ಬಂದು ಪಕ್ಕ ನಿಂತ್ಕೊಳ್ಳಿ."

ಮಾವ ಹಿಂದೆ ಸರಿದ. ಸುತ್ತ ನೋಡಿ, ಎಂದೂ ಇಲ್ಲದ ಸಂಕೋಚದಿಂದ ದನಿ ತಗ್ಗಿಸಿದ.

"ಹಾಗೆಲ್ಲ ನಿಲ್ಲಕ್ಕಾಗಲ್ಲಮ್ಮಾ. ತಪ್ಪು ತಿಳ್ಕೋಬೇಡಿ. ಮನೇಲಿ ನಮ್ಮವಳಿದಾಳೆ, ನೊಂದ್ಕೋತಾಳೆ."

ನಾನು ನೆಲ ನೋಡಿದೆ. ಅಳಬೇಕೋ ಹಿಗ್ಗಬೇಕೋ ಅತ್ತೆಗೂ ತಿಳಿದಂತಿರಲಿಲ್ಲ. ಚಾಚಿದ ಕೈಯನ್ನು ಮಾತ್ರ ಅವಳು ಹಿಂದೆಗೆಯಲಿಲ್ಲ.

"ನೊಂದ್ಕೊಳ್ಳಲ್ಲ, ಬನ್ನಿ" ಎಂದಳು. "ಅವಳಿಗೆ ನಾನು ಹೇಳ್ತೀನಿ."