ಕೊನೇ ಕೋಟ್ ಪೇಂಟರಕ್ಕನದು

ಬೆಳಗಿನ ಐದೂವರೆ. ಪ್ರಯೋಗಾಲಯದ ಮೂಲೆಯ ಕೋಣೆಯಲ್ಲಿ ಪೇಂಟರಕ್ಕ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನನಗಾಗಲೇ ಎರಡು ಸಲ ಗದರಿಕೆ ಬಿದ್ದಿದೆ. "ಅಲ್ಲೇ ನಿಂತ್ಕೊಳ್ಳಿ. ನೀವು ಓಡಾಡಿದ್ರೆ ಧೂಳು ಏಳುತ್ತೆ. ಜನ ಬರೋಕೆ ಮುಂಚೆ ಮುಗಿಸ್ಬೇಕು ಅಂತಾನೇ ನಾನು ಇಷ್ಟೊತ್ತಿಗೆ ಬರೋದು." ನಾನು ಗೋಡೆಗೆ ಅಂಟಿಕೊಳ್ಳುತ್ತೇನೆ.

ಬಿಸಿ ತಟ್ಟೆಯ ಮೇಲೆ ಅಂಗೈಯಗಲದ ಕಾರ್ಬನ್ ಹಾಳೆ. ಅವರ ಕೈಯಲ್ಲಿ ಪುಟ್ಟ ಸ್ಪ್ರೇ ಗನ್. ಹಾಳೆಯಿಂದ ಒಂದು ಗೇಣು ದೂರದಲ್ಲಿ ಅದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುತ್ತದೆ. ಒಂದು ಹಾಳೆಗೆ ನಲವತ್ತು ಕೋಟ್, ದಿನಕ್ಕೆ ಮೂರು ಹಾಳೆ. ತೂಕದ ಯಂತ್ರ ಹೇಳುವ ಮುಂಚೆಯೇ ಎಷ್ಟು ಮಿಲಿಗ್ರಾಂ ಕೂತಿದೆ ಎಂದು ಅವರು ಹೇಳಿಬಿಡುತ್ತಾರೆ. ಮೂರರಲ್ಲಿ ಎರಡು ಸಲ ಸರಿಯಾಗಿಯೇ ಇತ್ತು, ನಾನೇ ನೋಡಿದೆ.

ಗನ್ನೊಳಗಿನ ಕಪ್ಪು ಮಸಿಯಲ್ಲಿ ಪಲ್ಲಾಡಿಯಂ ಎಂಬ ಲೋಹದ ನ್ಯಾನೊ ಕಣಗಳಿವೆ. ಒಂದು ಕೂದಲಿನ ಅಗಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಣಗಳು ಸಾಲಾಗಿ ಕೂರಬಲ್ಲವು. ಫಾರ್ಮಿಕ್ ಆಮ್ಲ, ಅಂದರೆ ಇರುವೆ ಕಚ್ಚಿದಾಗ ಚುರ್ ಅನ್ನಿಸುವ ಅದೇ ಆಮ್ಲ, ಈ ಕಣಗಳ ಮೇಲೆ ಒಡೆದು ಕರೆಂಟು ಕೊಡುತ್ತದೆ. ಇಂಥ ಹಾಳೆಯಿಂದ ಮಾಡುವ ಇಂಧನಕೋಶಕ್ಕೆ ಬೆಂಕಿ ಬೇಡ, ಹೊಗೆ ಬರುವುದಿಲ್ಲ. ಆದರೆ ಕಣಗಳ ಮೈ ಮಾತ್ರ ಚೊಕ್ಕಟವಾಗಿರಬೇಕು.

ಪೇಂಟರಕ್ಕನಿಗೆ ಈಗ ಐವತ್ತೆರಡು. ಹದಿನೆಂಟು ವರ್ಷ ಅಣ್ಣನ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವರು. "ನೆಗ್ಗಿದ ಕಡೆ ಪುಟ್ಟಿ ಮೆತ್ತೋದು, ಉಜ್ಜೋದು, ಅಡಿಗೆ ಪ್ರೈಮರ್ ಹೊಡೆಯೋದು ಎಲ್ಲ ನಾನು. ಕೊನೇ ಕೋಟ್ ಮಾತ್ರ ಅಣ್ಣಂದು, ಗನ್ ಮುಟ್ಟೋಕೆ ಬಿಡ್ತಿರಲಿಲ್ಲ. ಗಿರಾಕಿ ಬಂದು ಹೊಳಪು ನೋಡಿ ಅವನ ಬೆನ್ನು ತಟ್ಟೋನು. ನನ್ನ ಕೆಲಸ ಬಣ್ಣದ ಅಡೀಲಿ ಇರ್ತಿತ್ತಲ್ಲ, ಯಾರಿಗೆ ಕಾಣುತ್ತೆ?" ಅವರು ನಗುತ್ತಾರೆ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ರಸ್ತೆ ಅಗಲವಾದಾಗ ಗ್ಯಾರೇಜು ಹೋಯಿತು. ಅವರು ಇಲ್ಲಿಗೆ ಕಸ ಗುಡಿಸಲು ಬಂದರು. ಒಂದು ದಿನ ಯುವ ಸಂಶೋಧಕಿಯೊಬ್ಬರು ಸ್ಪ್ರೇ ಮಾಡುವುದನ್ನು ಕಂಡು ಪೊರಕೆ ಹಿಡಿದೇ ಬಾಯಿ ಹಾಕಿದರು: "ಮಣಿಕಟ್ಟು ತಿರುಗಿಸ್ಬೇಡಿ ಮೇಡಂ, ಮಧ್ಯದಲ್ಲಿ ದಪ್ಪ ಆಗುತ್ತೆ." ಮೇಡಂ ಗನ್ನನ್ನೇ ಅವರ ಕೈಗಿಟ್ಟರು. ಅಲ್ಲಿಂದ ಪೊರಕೆಯ ಜೊತೆಗೆ ಗನ್ನೂ ಅವರದಾಯಿತು.

ಕಳೆದ ವರ್ಷ ಎಲ್ಲವೂ ಕೈಬಿಟ್ಟುಹೋಗುವುದರಲ್ಲಿತ್ತು. ಕೋಶ ನೂರು ಗಂಟೆ ನಿಲ್ಲದೆ ಓಡಬೇಕಿತ್ತು. ನಾಲ್ಕೇ ಗಂಟೆಗೆ ಸಾಯುತ್ತಿತ್ತು. ಏಳು ತಿಂಗಳು ಎಲ್ಲರೂ ಮಸಿಗೆ ಕಲಸುವ ಪಲ್ಲಾಡಿಯಂ ಪುಡಿಯನ್ನೇ ಬೈದರು. ಕೊನೆಗೆ ಉಳಿದದ್ದು ಒಂದೇ ಹಾಳೆಗಾಗುವಷ್ಟು ಪುಡಿ, ಗಡುವಿಗೆ ಹನ್ನೆರಡು ದಿನ. "ಅದೂ ಕೆಟ್ಟರೆ ಯೋಜನೆ ಮುಚ್ತಾರೆ ಅಂದ್ರು ಮೇಡಂ. ಅವರಿಗೆ ಮೂರು ವರ್ಷದ ದುಡಿಮೆ ಹೋಗುತ್ತೆ. ನನಗೆ ಮತ್ತೆ ಬರೀ ಪೊರಕೆ."

ಆಗಲೇ ಪೇಂಟರಕ್ಕನ ಕಣ್ಣಿಗೆ ಅದು ಬಿದ್ದದ್ದು. ಮೇಜು ಒರೆಸುವಾಗ ಕಂಡ ಒಂದು ಗಾಜಿನ ಚೂರಿನ ಮೇಲೆ ಹಿಂದಿನ ದಿನದ ಮಸಿ ಸಿಡಿದು ಒಣಗಿತ್ತು. ಅದರ ತುಂಬ ಸೂಜಿಮೊನೆಯಷ್ಟು ಗುಳಿಗಳು. ಕಪ್ಪು ಹಾಳೆಯ ಮೇಲೆ ಅವು ಯಾರಿಗೂ ಕಂಡಿರಲಿಲ್ಲ. "ಕಾರಿನ ಬಾನೆಟ್ ಮೇಲೆ ಇಂಥ ಗುಳಿ ಎಷ್ಟು ನೋಡಿಲ್ಲ ನಾನು! ಗನ್ನಿಗೆ ಗಾಳಿ ಊದೋ ಕಂಪ್ರೆಸರಿಂದ ಎಣ್ಣೇನೂ ಬರ್ತಿದೆ ಅಂತ ಗೊತ್ತಾಗೋಯ್ತು."

ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರು ಮೊದಲು ಒಪ್ಪಲಿಲ್ಲ. "ಕಂಪ್ರೆಸರ್ ಚೆನ್ನಾಗೇ ಇದೆ, ನೀವು ನಿಮ್ಮ ಕೆಲಸ ನೋಡಿ" ಅಂದುಬಿಟ್ಟರು. ಪೇಂಟರಕ್ಕ ಬಿಡುವವರೇ? ಮಸಿಯಿಲ್ಲದ ಖಾಲಿ ಗನ್ನಿನ ಮುಂದೆ ತೊಳೆದ ಗಾಜು ಹಿಡಿದು ಐದು ನಿಮಿಷ ಬರೀ ಗಾಳಿ ಬಿಟ್ಟರು. ಆ ಗಾಜನ್ನು ಪ್ರೊಫೆಸರರ ಮೇಜಿನ ಮೇಲಿಟ್ಟು, "ಬೆರಳಿಟ್ಟು ನೋಡಿ ಸರ್" ಅಂದರು. ಸರ್ ಬೆರಳಿಟ್ಟರು. ಜಾರಿತು. ಏಳು ತಿಂಗಳಿಂದ ಎಲ್ಲರೂ ಬೈದ ಪುಡಿಯ ತಪ್ಪೇನೂ ಇರಲಿಲ್ಲ. ಕಣಗಳ ಮೈಗೆ ಎಣ್ಣೆ ಮೆತ್ತಿಕೊಂಡಿತ್ತು, ಅಷ್ಟೇ.

ಕಂಪ್ರೆಸರಿನ ನಳಿಕೆ ಕಿತ್ತು, ಹೊಸ ನಳಿಕೆಯಲ್ಲಿ ಶುದ್ಧ ಸಾರಜನಕದ ಸಿಲಿಂಡರು ಜೋಡಿಸಿದರು. ಮಾರನೆಯ ಬೆಳಿಗ್ಗೆ ಕೊನೆಯ ಪುಡಿ ಗನ್ನಿಗಿಳಿಯಿತು. ನಲವತ್ತು ಕೋಟ್ ಮುಗಿಯುವವರೆಗೆ ಮೇಡಂ ಪಕ್ಕದಲ್ಲೇ ನಿಂತು ಎಣಿಸುತ್ತಿದ್ದರಂತೆ. ಎಂಟು ಗಂಟೆಗೆ ಆ ಹಾಳೆಯ ಕೋಶಕ್ಕೆ ಒಂದು ಆಟಿಕೆ ಫ್ಯಾನು ಸಿಕ್ಕಿಸಿದರು. ನಾಲ್ಕು ಗಂಟೆ ದಾಟಿತು, ಮರುದಿನವೂ ದಾಟಿತು. ಐದನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ನೂರು ಗಂಟೆ ತುಂಬಿದಾಗ ಮೊದಲು ಚಪ್ಪಾಳೆ ತಟ್ಟಿದವರು ಅದೇ ಪ್ರೊಫೆಸರು. ಮೇಡಂ ಪೇಂಟರಕ್ಕನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಫ್ಯಾನು ಮುನ್ನೂರ ಹನ್ನೆರಡು ಗಂಟೆ ತಿರುಗಿತು. ಯೋಜನೆ ಉಳಿಯಿತು. ಭೇಷ್ ಅನ್ನದೆ ಇನ್ನೇನನ್ನಲಿ!

ಈಗ ಪೇಂಟರಕ್ಕನಿಗೆ ಗುಡಿಸುವ ಕೆಲಸವಿಲ್ಲ. ಅವರು ಗಾಜು ಹಿಡಿದು ಪರೀಕ್ಷಿಸದೆ ಯಾರೂ ಗನ್ನಿಗೆ ಗಾಳಿ ಕೊಡುವಂತಿಲ್ಲ. ಕೋಣೆಯ ಬಾಗಿಲ ಮೇಲೆ ಹಾಗೆಂದು ಬರೆದು ಅಂಟಿಸಿದ್ದಾರೆ.

ನಾನು ಹೊರಡುವ ಹೊತ್ತಿಗೆ ಅಣ್ಣ ಬಂದರು, ತಂಗಿಯ ಕೆಲಸ ನೋಡಲು ಇದೇ ಮೊದಲ ಸಲ. ಕನ್ನಡಕ ಹಣೆಗೇರಿಸಿ, ಇವತ್ತಿನ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಹಳೇ ಮೇಸ್ತ್ರಿಯ ಗತ್ತಿನಲ್ಲಿ ಅಂಚಿನಿಂದ ಅಂಚಿಗೆ ನೋಡಿದರು. ಎಲ್ಲೂ ದಪ್ಪ-ತೆಳು ಸಿಗಲಿಲ್ಲ.

"ಕೊನೇ ಕೋಟ್ ಯಾರು ಹೊಡೆದಿದ್ದು?"

"ನಾನೇ ಅಣ್ಣ. ನಲವತ್ತೂ ನಂದೇ."

ಅಣ್ಣ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ಕೆಳಗಿಟ್ಟರು. ಆಮೇಲೆ ತಂಗಿಯ ಬೆನ್ನು ತಟ್ಟಿದರು.