ಚೆನ್ನಾಗಿದ್ದಾಗಲೇ ಕರೆತನ್ನಿ ಎನ್ನುವ ಬೆಕ್ಕಕ್ಕ

ಬೆಳಗಿನ ಆರು ಗಂಟೆ. ಪಶು ಆಸ್ಪತ್ರೆಯ ಒಳಕೋಣೆಯಲ್ಲಿ ಸ್ಟೀಲಿನ ಮೇಜು ತಣ್ಣಗೆ ಕೊರೆಯುತ್ತಿದೆ. ಅಕ್ಕ ಅದರ ಮೇಲೆ ಹಳೆಯ ಟವೆಲ್ ಹಾಸಿ, ಅಂಗೈಯಿಂದ ಉಜ್ಜಿ ಉಜ್ಜಿ ಬೆಚ್ಚಗೆ ಮಾಡುತ್ತಾರೆ. ಆಮೇಲೆ ಬುಟ್ಟಿಯ ಮುಚ್ಚಳ ತೆಗೆದು, ಹದಿಮೂರು ವರ್ಷದ ಬೂದು ಬೆಕ್ಕನ್ನು ಎತ್ತಿ ಟವೆಲ್ ಮೇಲಿಟ್ಟು ಎರಡೂ ಕೈಗಳಿಂದ ಬಳಸಿ ಹಿಡಿಯುತ್ತಾರೆ. ಡಾಕ್ಟರು ಬೆನ್ನಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚುತ್ತಾರೆ. ಬಾಟಲಿಯ ಸಲೈನ್ ಇಳಿದು ಮುಗಿಯಲು ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಅಕ್ಕ ಅಲುಗಾಡುವಂತಿಲ್ಲ.

"ಮೊದ್ಲೆಲ್ಲ ಪರಚ್ತಿದ್ದ. ಈಗ ಅದಕ್ಕೂ ಶಕ್ತಿ ಇಲ್ಲ ಇವ್ನಿಗೆ. ಪರಚಿದ್ರೇ ಚೆನ್ನಾಗಿತ್ತು," ಎನ್ನುತ್ತಾರೆ ಅಕ್ಕ.

ಬೆಕ್ಕನ್ನು ಸಾಕಿದ ದರ್ಜಿ ತಾತ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ನೆಲ ನೋಡುತ್ತಿದ್ದಾರೆ. ಎರಡು ತಿಂಗಳಿಂದ ದಿನ ಬಿಟ್ಟು ದಿನ ಇದೇ ಆಗಿದೆ. ಬೆಕ್ಕಿನ ಕಿಡ್ನಿ ಸೋತಿದೆ.

ಬೀದಿಯವರ ಬಾಯಲ್ಲಿ ಅಕ್ಕನ ಹೆಸರು ಬೆಕ್ಕಕ್ಕ. ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಕಸ ಗುಡಿಸಲು ಬಂದವರು. ಒಂದು ದಿನ ಬೆಕ್ಕೊಂದು ಡಾಕ್ಟರ ಕೈ ತಪ್ಪಿಸಿಕೊಂಡು ಬೀರುವಿನ ನೆತ್ತಿ ಹತ್ತಿ ಕುಳಿತಿತು. ಎಲ್ಲರೂ ಕೋಲು, ಚಾದರ ಎಂದು ಕುಣಿದಾಡುವಾಗ ಇವರು ಬೀರುವಿಗೆ ಬೆನ್ನು ಕೊಟ್ಟು ನೆಲದ ಮೇಲೆ ಸುಮ್ಮನೆ ಕುಳಿತರಂತೆ. ಅರ್ಧ ಗಂಟೆಯಲ್ಲಿ ಬೆಕ್ಕು ತಾನಾಗಿ ಇಳಿದು ಮಡಿಲಿಗೆ ಬಂತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಅವತ್ತಿಗೆ ಮುಗಿಯಿತು. ಪೊರಕೆ ಬೇರೆಯವರ ಪಾಲಾಯಿತು.

ಈಗ ದಿನಕ್ಕೆ ಇಪ್ಪತ್ತು ಬೆಕ್ಕಾದರೂ ಅವರ ಕೈ ಮೇಲೆ ಹಾದುಹೋಗುತ್ತವೆ. ಮೊಣಕೈವರೆಗೆ ಗೀರುಗಳು, ಹಳೆಯದರ ಮೇಲೆ ಹೊಸದು. "ಮದುವೆ ಮನೆಗೆ ಹೋದ್ರೂ ಅಮ್ಮ ಉದ್ದ ತೋಳಿನ ರವಿಕೇನೇ," ಎಂದು ಮಗಳು ರೇಗಿಸುತ್ತಾಳೆ. ಸಂಜೆ ಚಪಾತಿ ಹಿಟ್ಟು ನಾದುವಾಗ ಬಲಗೈ ಹೆಬ್ಬೆರಳು ನೋಯುತ್ತದೆ. ಹಾಗಾಗಿ ನಾದುವ ಕೆಲಸ ಮಗಳದು.

ಆದರೆ ಅಕ್ಕನನ್ನು ನಿಜಕ್ಕೂ ಹಣ್ಣು ಮಾಡುವುದು ಫೋನು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಅವರು ರಟ್ಟಿನ ಪೆಟ್ಟಿಗೆಯಿಂದ ಬೆಕ್ಕುಗಳ ಕಾರ್ಡು ತೆಗೆದು ಒಂದೊಂದೇ ಮನೆಗೆ ಕರೆ ಮಾಡುತ್ತಾರೆ. ಮರಿಯಾದರೆ ನಾಲ್ಕು ತಿಂಗಳು ತುಂಬುವವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಲಸಿಕೆಗೆ, ತಪಾಸಣೆಗೆ ಬರಬೇಕು. ಬೆಳೆದ ಬೆಕ್ಕು ಎಷ್ಟೇ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ, ಹತ್ತು ವರ್ಷ ದಾಟಿದರೆ ಆರು ತಿಂಗಳಿಗೊಮ್ಮೆ. ಇಷ್ಟನ್ನು ದಿನಕ್ಕೆ ಮೂವತ್ತು ಸಲ ಹೇಳುತ್ತಾರೆ. ಬರುವವರು ಐದಾರು ಮಂದಿ.

"ಮನೆ ಬಿಟ್ಟು ಆಚೆ ಹೋಗಲ್ಲ, ಅದಕ್ಕೇನು ರೋಗ ಬರುತ್ತೆ ಅಂತಾರೆ. ಬುಟ್ಟಿ ಕಂಡ್ರೆ ಮಂಚದ ಕೆಳಗೆ ಸೇರ್ಕೊಳ್ಳುತ್ತೆ ಅಂತಾರೆ. ವರ್ಷವಿಡೀ ಅಟ್ಟದ ಮೇಲಿಟ್ಟು ಆವತ್ತೊಂದಿನ ಇಳಿಸಿದ್ರೆ ಇನ್ನೇನಾಗುತ್ತೆ? ಬುಟ್ಟೀನ ಹಾಲ್‌ನಲ್ಲೇ ಬಿಡಿ, ಒಳಗೊಂದು ಹಳೇ ಬಟ್ಟೆ ಹಾಕಿ, ತಾನಾಗೇ ಹೋಗಿ ಮಲಗುತ್ತೆ ಅಂತೀನಿ. ಹೂಂ ಅಂತಾರೆ. ಆಮೇಲೆ ಊಟ ಬಿಟ್ಟು ನಾಲ್ಕು ದಿನ ಆದ್ಮೇಲೆ ಎತ್ಕೊಂಡು ಓಡಿ ಬರ್ತಾರೆ. ಬೆಕ್ಕು ನೋವು ಹೇಳ್ಕೊಳ್ಳೋ ಜಾತಿ ಅಲ್ಲ. ಅದು ಮೂಲೆ ಸೇರ್ತು ಅಂದ್ರೆ ತಡ ಆಗಿರುತ್ತೆ."

ಹಾಗೆ ತಡವಾಗಿ ಬಂದವನ್ನು ಕೊನೆಯ ಸಲ ಹಿಡಿದುಕೊಳ್ಳುವುದೂ ಇವೇ ಕೈಗಳು. ಆ ದಿನಗಳ ಬಗ್ಗೆ ಅಕ್ಕ ಹೆಚ್ಚು ಮಾತಾಡುವುದಿಲ್ಲ.

ಹೆಚ್ಚು ಮಾತಾಡದ ಇನ್ನೊಂದು ವಿಷಯವಿದೆ. ಒಂದೂವರೆ ವರ್ಷದ ಹಿಂದೆ ದರ್ಜಿ ತಾತನ ಸರದಿ ಬಂದಾಗ ಅಕ್ಕ ಕರೆ ಮಾಡಿದ್ದರು. "ಇವ್ನಿಗೇನಮ್ಮ, ಗಟ್ಟಿಮುಟ್ಟಾಗಿದಾನೆ. ನೀರಂತೂ ಬಟ್ಟಲುಗಟ್ಟಲೆ ಕುಡೀತಾನೆ," ಎಂದಿದ್ದರು ತಾತ, ಹೆಮ್ಮೆಯಿಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಬೆಕ್ಕು ನೀರು ಕುಡಿಯುವಾಗ ಸಾಕಿದವರೇ ಕಣ್ಣು ಮುಚ್ಚಿಕೊಂಡಿರುವುದು ಅಕ್ಕನಿಗೆ ಮಾತ್ರ ಗೊತ್ತು. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿದರೆ ಅದು ಆರೋಗ್ಯವಲ್ಲ, ಕಿಡ್ನಿಯ ದೂರು ಇರಬಹುದು ಎಂದು ಡಾಕ್ಟರು ನೂರು ಸಲ ಹೇಳಿದ್ದರು. ಅವತ್ತು ಅದು ಮೂವತ್ತನೆಯ ಕರೆ. ಕೈ ಉರಿಯುತ್ತಿತ್ತು. "ಸರಿ ತಾತ, ಮುಂದಿನ ಸಲ ಬನ್ನಿ," ಎಂದು ಕಾರ್ಡನ್ನು ಪೆಟ್ಟಿಗೆಗೆ ಸೇರಿಸಿಬಿಟ್ಟರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಅವರು ಪ್ರತಿ ಕರೆಯಲ್ಲೂ ನೀರಿನ ಬಟ್ಟಲು ದಿನಕ್ಕೆಷ್ಟು ಸಲ ತುಂಬಿಸುತ್ತೀರಿ ಎಂದು ಕೇಳುತ್ತಾರೆ. ತಾತನಿಗೆ ಮಾತ್ರ ಎರಡು ತಿಂಗಳು ಏನೂ ಹೇಳಲಾಗಲಿಲ್ಲ. ಹೇಳಿದರೆ ಅವರು ಬರುವುದನ್ನೇ ಬಿಟ್ಟಾರು, ಬೆಕ್ಕು ಇರುವ ನಾಲ್ಕು ದಿನವೂ ನರಳೀತು ಎಂಬ ಭಯ.

ಇವತ್ತು ಸೂಜಿ ತೆಗೆದು ಡಾಕ್ಟರು ಆಚೆ ಹೋದ ಮೇಲೆ, ಬೆಕ್ಕನ್ನು ಹಿಡಿದುಕೊಂಡೇ ಅಕ್ಕ ಹೇಳಿಬಿಡುತ್ತಾರೆ. "ತಾತ, ಅವತ್ತು ಫೋನಲ್ಲಿ ನೀರು ಜಾಸ್ತಿ ಕುಡೀತಾನೆ ಅಂದ್ರಲ್ಲ. ತಕ್ಷಣ ಕರ್ಕೊಂಡು ಬನ್ನಿ ಅನ್ಬೇಕಿತ್ತು ನಾನು. ಅನ್ಲಿಲ್ಲ. ಆಗ್ಲೇ ಬಂದಿದ್ರೆ ಇನ್ನೊಂದೆರಡು ವರ್ಷ ನೆಮ್ಮದಿಯಾಗಿ ಇರ್ತಿದ್ನೇನೋ."

ತಾತ ಎದ್ದು ಬಂದು ಬೆಕ್ಕಿನ ಕಿವಿಯ ಹಿಂದೆ ಬೆರಳಾಡಿಸುತ್ತಾರೆ. "ನೀನು ಬರೀ ಕಿವೀಲಿ ಕೇಳ್ದೆ ಮಗಳೇ. ನಾನು ದಿನಾ ಕಣ್ಣಾರೆ ನೋಡ್ತಿದ್ದೆ," ಎನ್ನುತ್ತಾರೆ. ಬೆಕ್ಕನ್ನು ಬುಟ್ಟಿಗಿಟ್ಟು ಎತ್ತಿಕೊಂಡು ಬಾಗಿಲ ಬಳಿ ತಿರುಗಿ, "ನಾಳಿದ್ದು ಇದೇ ಹೊತ್ತಿಗೆ ತಾನೆ?" ಎಂದು ಕೇಳುತ್ತಾರೆ.

ಅಕ್ಕ ತಲೆಯಾಡಿಸುತ್ತಾರೆ. ಅವರು ಹೋದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಟವೆಲ್ ಕೊಡವುತ್ತಾರೆ. ಹೊರಗೆ ಬೆಂಚಿನ ಮೇಲೆ ಆಗಲೇ ನಾಲ್ಕು ಬುಟ್ಟಿಗಳು ಸಾಲುಗಟ್ಟಿವೆ. ಇಷ್ಟು ವರ್ಷ ದುಡಿದಿದ್ದಕ್ಕೆ ಏನಾದರೂ ಆಸೆ ಉಂಟೇ ಎಂದರೆ ದಣಿದ ಮುಖದಲ್ಲೇ ನಗುತ್ತಾರೆ.

"ನನ್ನ ಮಾತು ಕೇಳಿ ಜನ ಬೆಕ್ಕನ್ನ ಕರ್ಕೊಂಡು ಬರ್ಬೇಕು. ಡಾಕ್ಟ್ರು ನೋಡಿ ಏನೂ ಇಲ್ಲ ಅನ್ಬೇಕು. ಈ ಹೆಂಗಸಿನಿಂದ ಸುಮ್ನೆ ಅರ್ಧ ದಿನ ಹಾಳಾಯ್ತು ಅಂತ ಅವ್ರು ನನ್ನ ಬೈಕೊಂಡು ಮನೆಗೆ ಹೋಗ್ಬೇಕು. ಅಷ್ಟೇ."