ದರಪಟ್ಟಿಯ ವೇಷ ತೊಟ್ಟ ಜಾಹೀರಾತು

ನನ್ನ ಗಂಡನ ಸೋದರಮಾವ ಆಂಧ್ರದ ಗಡಿಯೂರು ಆದವಾನಿಯಲ್ಲಿ ಹತ್ತಿ ವ್ಯಾಪಾರಿ. ಮೊಬೈಲಿನ ಮೇಲೆ ಎರಡು ಬೆರಳಿಟ್ಟು ಅಕ್ಷರ ದೊಡ್ಡದು ಮಾಡುವುದನ್ನು ಕಲಿತ ವಾರದಲ್ಲೇ ತಮಗೆ ಇಂಟರ್ನೆಟ್ ಪೂರ್ತಿ ಅರ್ಥವಾಯಿತೆಂದು ಸಾರಿದರು. ಮಾರುಕಟ್ಟೆಯ ದಿನದ ಹತ್ತಿ ದರವನ್ನು ಕನ್ನಡ, ತೆಲುಗು ಎರಡರಲ್ಲೂ ತೋರಿಸುವ ವೆಬ್‌ಸೈಟ್ ಬೇಕು, ಅದರ ಖರ್ಚು ಜಾಹೀರಾತಿನಿಂದಲೇ ಹುಟ್ಟಬೇಕು ಎಂಬುದು ಅವರ ಯೋಜನೆ. ಮದುವೆಗೆ ಮುಂಚೆ ನಾನು ಬಳ್ಳಾರಿಯ ಒಂದು ಸಣ್ಣ ಕಂಪನಿಯಲ್ಲಿ ವೆಬ್ ಪುಟಗಳನ್ನು ಮಾಡುತ್ತಿದ್ದೆ. ಮನೆಯ ಸೊಸೆಗೆ ಸಂಬಳ ಕೊಡುವ ಪದ್ಧತಿ ಇಲ್ಲದ ಕಾರಣ ಕೆಲಸ ನನಗೇ ಬಂತು.

ಸೈಟು ಚೆನ್ನಾಗಿಯೇ ನಡೆಯಿತು. ಸಿ. ಬೆಳಗಲ್, ನಂದವರಂ ಕಡೆಯ ರೈತರು ಹತ್ತಿ ಹೇರುವ ಮುಂಚೆ ನಮ್ಮ ದರ ನೋಡತೊಡಗಿದರು. ಜಾಹೀರಾತುಗಳನ್ನು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಂಚುವ ಒಂದು ನೆಟ್‌ವರ್ಕ್ ಕಳಿಸುತ್ತಿತ್ತು; ನೋಡಿದವರು ಒತ್ತಿದಷ್ಟೂ ನಮಗೆ ದುಡ್ಡು. ಅವನ್ನು ಎಲ್ಲಿ ಕೂರಿಸಬೇಕು, ಸುತ್ತ ಯಾವ ಬಣ್ಣ, ಎಷ್ಟು ಜಾಗ ಬಿಡಬೇಕು ಎಂಬುದಷ್ಟೇ ನಮ್ಮ ಕೈಲಿತ್ತು. ಅದಕ್ಕೂ ಅವರ ನಿಯಮಗಳಿದ್ದವು. ಜಾಹೀರಾತು ಜಾಹೀರಾತಿನಂತೆಯೇ ಕಾಣಬೇಕು, ಬಾಣ ತೋರಿಸಿ ಒತ್ತಿಸಬಾರದು, ಹೀಗೆ. ನಾನು ದರಪಟ್ಟಿಯ ಕೆಳಗೆ ಜಾಗ ಬಿಟ್ಟು, ತಿಳಿಹಳದಿ ಚೌಕದಲ್ಲಿಟ್ಟು, ಮೇಲೆ ‘ಜಾಹೀರಾತು’ ಎಂದು ಬರೆದಿದ್ದೆ.

ಮಾವ ಕನ್ನಡಕ ಏರಿಸಿ ನೋಡಿದರು. “ಇದೇನವಾ, ಅದನ್ನ ಮೂಲ್ಯಾಗ ಕುಂದ್ರಿಸೀದಿ?”

“ಜಾಹೀರಾತು ಅಂತ ಜನಕ್ಕ ಗೊತ್ತಾಗ್ಬೇಕ್ರಿ ಮಾವ. ಹಂಗಂತ ರೂಲ್ಸ್ ಐತಿ.”

“ಗೊತ್ತಾದ್ರ ಯಾರು ಒತ್ತತಾರ?”

ಆಮೇಲೆ ತಮ್ಮ ವಿನ್ಯಾಸ ಹೇಳಿದರು. ಜಾಹೀರಾತಿಗೂ ದರಪಟ್ಟಿಯದೇ ಹಸಿರು ಅಂಚು, ಅದರದೇ ಅಕ್ಷರ. ತಲೆಯ ಮೇಲೆ ‘ಇವತ್ತಿನ ತಾಜಾ ರೇಟು’. ಪಕ್ಕದಲ್ಲಿ ಮಿನುಗುವ ಕೆಂಪು ಬಾಣ. ಇದರಲ್ಲಿ ನಿಯಮ ಮುರಿಯದ ಒಂದು ಅಂಶವನ್ನಾದರೂ ಹುಡುಕೋಣವೆಂದರೆ ಸಿಗಲಿಲ್ಲ. ಹಾಗೆಂದಾಗ ಅವರು ನಕ್ಕರು. “ರೂಲ್ಸ್ ಮಾಡಿದೋರು ಆದವಾನಿಗೆ ಬಂದು ನೋಡ್ತಾರೇನು? ಏಂ ಪರ್ವಾಲೇದು, ಏನೂ ಆಗಂಗಿಲ್ಲ, ಹಾಕು.” ನನ್ನ ಗಂಡ ಫೋನಿನಿಂದ ತಲೆ ಎತ್ತದೆಯೇ, “ಮಾವ ಹೇಳಿದಂಗ ಮಾಡು” ಎಂದು ನ್ಯಾಯ ತೀರಿಸಿದರು. ನಾನು ಮಾಡಿದೆ.

ಜನ ಒತ್ತಿದ್ದೇ ಒತ್ತಿದ್ದು. ಮಾವ ಅಂಗಡಿಗೆ ಬಂದವರಿಗೆಲ್ಲ ಏರುವ ಅಂಕಿ ತೋರಿಸಿ, ಬಾಣ ತಮ್ಮದೇ ಐಡಿಯಾ ಎಂದು ಹೇಳಿಕೊಂಡರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ನಾನು ಅಂಗಡಿಗೆ ಹೋಗಿದ್ದಾಗ ನಂದವರಂ ಕಡೆಯ ಹೆಂಗಸೊಬ್ಬರು ಬಂದರು. ಸ್ವಂತ ಹೊಲ ಮಾಡಿಸುವವರು, ಮಾವನ ಹಳೆಯ ಗಿರಾಕಿ. ಸೊಂಟದವರೆಗೆ ದಪ್ಪ ಜಡೆ.

“ಸಾವುಕಾರ್ರೆ, ಹತ್ತಿ ರೇಟು ನೋಡಾಕ ಒತ್ತಿದ್ರ ಬೋಳುತಲಿ ಎಣ್ಣಿ ಬಂತು. ನಂಬರ್ ಕೇಳಿದ್ರು, ನಿಮ್ಮ ಅಂಗಡಿಯೋರು ಅಂತ ಕೊಟ್ಟೆ. ಈಗ ದಿನಾ ಫೋನು, ಮೇಡಂ, ಕೂದ್ಲ ಬಂತಾ ಅಂತ.”

“ಅದು ಜಾಹೀರಾತಮ್ಮಾ, ನಮ್ದಲ್ಲ.”

“ಹಂಗಂತ ಎಲ್ಲಿ ಬರ್ದೀರಿ? ಮೇಲ ಚಲೋ ಹತ್ತಿ ಇಟ್ಟು ಒಳಗ ಕಸ ತುಂಬಿದ್ರ ನೀವ ನಮ್ಮ ಗಾಡಿ ವಾಪಸ್ ಕಳಸ್ತೀರಿ. ಮತ್ತ ಇದೇನು?”

ಮಾವ ಟೀ ತರಿಸಲು ಹೋದರು.

“ಟೀ ಬ್ಯಾಡ. ಬಾಣ ತಗೀರಿ” ಎಂದು ಆಕೆ ಎದ್ದು ಹೋದರು.

ಮಾವ ಬಾಣ ತೆಗೆಸಲಿಲ್ಲ. ನೆಟ್‌ವರ್ಕೇ ತೆಗೆಸಿತು. ಜಾಹೀರಾತನ್ನು ಪುಟದ ಮಾಹಿತಿಯಂತೆ ತೋರಿಸಿದ್ದೀರಿ, ಸರಿಪಡಿಸುವವರೆಗೆ ಇಲ್ಲಿ ಜಾಹೀರಾತು ಬರುವುದಿಲ್ಲ ಎಂಬ ಸಂದೇಶ ಬಂತು. ಜಾಹೀರಾತಿನ ಚೌಕ ಖಾಲಿಯಾಗಿ ಬಿಳಿಚಿಕೊಂಡಿತು.

“ಅವರ ಆಫೀಸು ಕರ್ನೂಲಾ, ಹೈದರಾಬಾದಾ? ಯಾರನ್ನ ನೋಡ್ಬೇಕು?” ಎಂದರು ಮಾವ.

“ಯಾರೂ ಇಲ್ರಿ. ಯಂತ್ರ ತಾನ ನೋಡಿ ನಿಲ್ಸೇತಿ.”

ಅವರು ಮಂಕಾದರು. ಸ್ವೀಟ್ ಬಾಕ್ಸ್ ಹಿಡಿದು ಭೇಟಿಯಾಗಲು ಯಾರೂ ಇಲ್ಲದ ಆಫೀಸನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ತಮ್ಮ ವಂಶದ ಮರ್ಯಾದೆ, ಗುಡಿಗೆ ಹಾಕಿಸಿದ ಬಾಗಿಲು ಎಲ್ಲ ಸೇರಿಸಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದು ಮನವಿಯನ್ನು ಹೇಳಿ ಬರೆಸಿದರು. ನಾನು ಬಾಣ ಕಿತ್ತು, ಹಳದಿ ಚೌಕವನ್ನೂ ‘ಜಾಹೀರಾತು’ ಎಂಬ ಪದವನ್ನೂ ಮರಳಿ ಹಾಕಿ, ಸರಿಪಡಿಸಿದೆವು ಎಂದಷ್ಟೇ ತಿಳಿಸಿದೆ. ಕೆಲವು ದಿನಗಳಲ್ಲಿ ಜಾಹೀರಾತು ಬಂತು. ಗುಡಿಯ ಬಾಗಿಲೇ ಕೆಲಸ ಮಾಡಿತೆಂದು ಮಾವ ಇವತ್ತಿಗೂ ನಂಬಿದ್ದಾರೆ.

ಅಲ್ಲಿಂದ ಅವರು ಪ್ರಾಮಾಣಿಕತೆಯ ಪ್ರಚಾರಕರಾದರು. “ನಮ್ಮ ಸೈಟಿನ್ಯಾಗ ಮೋಸ ನಡ್ಯಂಗಿಲ್ಲ. ಜಾಹೀರಾತಿದ್ರ ಜಾಹೀರಾತು ಅಂತಾನ ಹಾಕ್ತೀವಿ” ಎಂದು ಕಂಡವರಿಗೆಲ್ಲ ಹೇಳತೊಡಗಿದರು.

ಹತ್ತಿ ಸುಗ್ಗಿ ಶುರುವಾದಾಗ ಒಂದು ಬೆಳಿಗ್ಗೆ ಮಾವ ಫೋನು ಹಿಡಿದು ಓಡಿಬಂದರು. ಅವರ ಜೊತೆ ಮಾತುಬಿಟ್ಟಿದ್ದ ಎದುರಂಗಡಿಯ ವ್ಯಾಪಾರಿ ಅದೇ ನೆಟ್‌ವರ್ಕಿಗೆ ಜಾಹೀರಾತು ಕೊಟ್ಟಿದ್ದರು. ಅದು ಬಂದು ಕೂತದ್ದು ನಮ್ಮ ದರಪಟ್ಟಿಯ ಕೆಳಗೆ, ಹಳದಿ ಚೌಕದಲ್ಲಿ, ಆ ವ್ಯಾಪಾರಿಯ ನಗುಮುಖದ ಸಮೇತ: ‘ಸರಿಯಾದ ತೂಕ, ಸರಿಯಾದ ದರ.’

“ಇದನ್ನ ಮಬ್ಬು ಮಾಡವಾ. ಬೂದಿ ಬಣ್ಣ ಹಚ್ಚು, ಯಾರಿಗೂ ಕಾಣಬಾರ್ದು.”

“ಆಗಂಗಿಲ್ರಿ ಮಾವ. ಬಂದ ಜಾಹೀರಾತನ್ನ ಮುಚ್ಚಿದ್ರ ಅದೂ ರೂಲ್ಸಿಗೆ ವಿರುದ್ಧ. ಮತ್ತ ನಿಲ್ಲಸ್ತಾರ.”

ಅವರು ಹೊರಟುಹೋದರು. ಬೇಡವಾದ ಜಾಹೀರಾತುದಾರರನ್ನು ನಿಯಮದ ಒಳಗೇ ತಡೆಯಲು ನೆಟ್‌ವರ್ಕಿನಲ್ಲಿ ಒಂದು ಗುಂಡಿ ಇದೆ. ಮಾವ ಕೇಳಲಿಲ್ಲ, ನಾನು ಹೇಳಲಿಲ್ಲ. ಸುಗ್ಗಿ ಮುಗಿಯುವವರೆಗೂ ಎದುರಂಗಡಿಯವರು ನಮ್ಮ ಪುಟದಲ್ಲಿ ನಗುತ್ತಲೇ ಇದ್ದರು.